ಚಾದರ ನೇಯ್ದವರ ಚಳಿಗಾಲ



ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಎಂಐಡಿಸಿಯನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಬಸ್ಸಿನ ಕಿಟಕಿಯಿಂದ ನೀವೆಲ್ಲ ಅದನ್ನು ನೋಡಿದವರೇ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಒಬ್ಬರಾದರೂ ಅಲ್ಲಿಯ ಶೆಡ್ಡುಗಳಲ್ಲಿ ದುಡಿದವರೇ. ಹಗಲೂ ರಾತ್ರಿ ಯಂತ್ರಮಗ್ಗಗಳ ಸದ್ದು, ಗಾಳಿಯಲ್ಲಿ ಹತ್ತಿಯ ಧೂಳು, ಗೋಡೆಗೆ ಒಟ್ಟಿದ ಚಾದರಗಳ ಗಂಟುಗಳು. ಸೋಲಾಪುರಿ ಚಾದರವೆಂದರೆ ದೇಶದ ಯಾವ ಮೂಲೆಯಲ್ಲೂ ಹೆಸರು ಹೇಳಿ ಕೇಳುತ್ತಾರೆ. ಭೌಗೋಳಿಕ ಗುರುತು ಎಂಬ ಸರಕಾರಿ ಮುದ್ರೆಯೂ ಅದಕ್ಕೆ ಸಿಕ್ಕಿದೆ.

ಕಳೆದ ಚಳಿಗಾಲದಲ್ಲಿ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ಇನ್ನೂ ನಾಲ್ಕು ದಿನ ಇರುವಾಗ, ಆ ರಸ್ತೆಯ ಒಂದು ಚಹಾದಂಗಡಿಯ ಮುಂದೆ ಒಬ್ಬ ಹಿರಿಯರು ನನಗೆ ಭೇಟಿಯಾದರು. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ಅವರ ಪಾಸ್‌ಬುಕ್ಕಿನಲ್ಲಿ ನಾನು ಎಷ್ಟೋ ಸಲ ಬರೆದುಕೊಟ್ಟಿದ್ದೆ. ಹದಿನೆಂಟು ವರ್ಷ ಚಾದರ ನೇಯ್ದವರು. ಮೈಮೇಲೆ ಹಳೆಯ ಕೌದಿಯನ್ನು ಮಡಿಚಿ ಹೊದ್ದುಕೊಂಡಿದ್ದರು. ನಾನು ಅದನ್ನು ನೋಡಿದ್ದನ್ನು ಅವರೂ ನೋಡಿದರು.

“ಸಾಹೇಬ್ರ, ವಿಲಾಯತ್ಯಾಗ ಮುದುಕ್ರಿಗಿ ಥಂಡಿ ಸಲುವಾಗಿ ಸರಕಾರ ಬ್ಯಾರೇ ರೊಕ್ಕ ಕೊಡ್ತದತ್ರಿ. ಮೊಮ್ಮಗ ಮೊಬೈಲನ್ಯಾಗ ತೋರಿಸ್ದ. ನಮ್ಮಲ್ಲಿ ಯಾಕ ಇಲ್ರಿ?” ಎಂದು ಕೇಳಿದರು.

ಇಲ್ಲ ಎಂದಷ್ಟೇ ಹೇಳಿ ಚಹಾ ಕುಡಿದು ಬಂದೆ. ಮನೆಗೆ ಬಂದ ಮೇಲೆ ಆ ಉತ್ತರ ಪೂರ್ತಿ ಸರಿಯಲ್ಲವೆನಿಸಿತು. ಬೇರೆ ಹೆಸರಿನಲ್ಲಿ, ಬೇರೆ ದಾರಿಯಲ್ಲಿ ಅಂಥ ನೆರವು ನಮ್ಮಲ್ಲೂ ಇತ್ತು. ಅದು ಹೇಗೆ ಬಂತು, ಎಲ್ಲಿ ಹೋಯಿತು ಎಂಬುದನ್ನು ನಾನು ಕಂಡ ಮಟ್ಟಿಗೆ, ಓದಿದ ಮಟ್ಟಿಗೆ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ವಿಲಾಯತಿಯ ಮಾತು. ಆ ಹಿರಿಯರು ಕೇಳಿದ್ದು ನಿಜ. ಬ್ರಿಟನ್ನಿನಲ್ಲಿ ಚಳಿಗಾಲದ ಇಂಧನದ ಹಣವೆಂದು ವೃದ್ಧರಿಗೆ ಕೊಡುವ ಪದ್ಧತಿ 1997ರಲ್ಲಿ ಶುರುವಾಯಿತು. ಆಗ ಅಲ್ಲಿಯ ಅರ್ಥಮಂತ್ರಿ ಗಾರ್ಡನ್ ಬ್ರೌನ್. ಮೊದಲ ವರ್ಷ ಸಾಮಾನ್ಯ ಮನೆಗೆ 20 ಪೌಂಡ್, ತೀರ ಬಡವರಿಗೆ 50 ಪೌಂಡ್. 2000ದ ಹೊತ್ತಿಗೆ ಅದು 200 ಪೌಂಡಿಗೆ ಏರಿತು. ಮುಂದೆ 80 ದಾಟಿದವರಿಗೆ ಇನ್ನೂ 100 ಸೇರಿಸಿದರು. ಅಲ್ಲಿಯ ಚಳಿಯಲ್ಲಿ ಕೋಣೆಯನ್ನೇ ಬಿಸಿಮಾಡಿಕೊಂಡು ಕೂರಬೇಕು. ಬಿಲ್ಲಿಗೆ ಹೆದರಿ ಒಲೆ ಆರಿಸಿಕೊಂಡ ಮುದುಕರು ಹಾಸಿಗೆಯಲ್ಲೇ ಸಾಯುತ್ತಿದ್ದರು. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು, ಬಹುತೇಕರು ಅರ್ಜಿಯನ್ನೇ ಕೊಡಬೇಕಾಗಿರಲಿಲ್ಲ. ಪಿಂಚಣಿ ಪಡೆಯುವವರ ಹೆಸರು ಹೇಗೂ ಸರಕಾರದ ಹತ್ತಿರ ಇದೆ, ಹಣ ತಾನಾಗಿ ಖಾತೆಗೆ ಬೀಳುತ್ತಿತ್ತು.

2024ರಲ್ಲಿ ಅಲ್ಲಿಯ ಹೊಸ ಸರಕಾರ ಬೊಕ್ಕಸ ಬರಿದಾಗಿದೆ ಎಂದು ಹೇಳಿ, ತೀರ ಬಡ ವೃದ್ಧರಿಗೆ ಮಾತ್ರ ಕೊಡುತ್ತೇವೆ ಎಂದಿತು. ಒಂದು ಕೋಟಿಗೂ ಮೇಲ್ಪಟ್ಟು ಇದ್ದ ಫಲಾನುಭವಿಗಳು ಆ ಚಳಿಗಾಲದಲ್ಲಿ ಸುಮಾರು 15 ಲಕ್ಷಕ್ಕೆ ಇಳಿದರು. ಗದ್ದಲ ಎದ್ದಿತು, ಆಳುವ ಪಕ್ಷದವರೇ ತಿರುಗಿಬಿದ್ದರು. 2025ರ ಜೂನ್ ತಿಂಗಳಲ್ಲಿ, ವರ್ಷಕ್ಕೆ 35,000 ಪೌಂಡ್ ಒಳಗೆ ಉತ್ಪನ್ನ ಇರುವ ವೃದ್ಧರಿಗೆಲ್ಲ ಮತ್ತೆ ಕೊಡುವುದಾಗಿ ಸರಕಾರ ಒಪ್ಪಿಕೊಂಡಿತು. ಆದರೆ ನೀವು ಒಂದು ಸಂಗತಿಯನ್ನು ಗಮನಿಸಬೇಕು. 2000ದಲ್ಲಿ 200 ಪೌಂಡ್ ಇದ್ದದ್ದು 2025ರಲ್ಲೂ 200 ಪೌಂಡೇ. ಇಪ್ಪತ್ತೈದು ವರ್ಷದಲ್ಲಿ ಗ್ಯಾಸು, ಕರೆಂಟು ಎಲ್ಲಿಗೆ ಹೋದವು, ಆ ಅಂಕಿ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಈ ರೋಗ ನಮ್ಮ ಊರಿನಲ್ಲೂ ಇದೆ. ಅದರ ಮಾತು ಮುಂದೆ ಬರುತ್ತದೆ.

ನಮ್ಮಲ್ಲಿ ಚಳಿಗೆ ಖರ್ಚು ಎಂದರೆ ಏನು? ಕೋಣೆ ಕಾಯಿಸುವುದು ನಮಗೆ ಗೊತ್ತಿಲ್ಲ. ಸೋಲಾಪುರ ಸೀಮೆಯೆಂದರೆ ಬಿಸಿಲಿಗೆ ಹೆಸರಾದದ್ದು, ಇಲ್ಲಿ ಚಳಿ ಎಲ್ಲಿಯದು ಎಂದು ಪುಣೆಯವರು ನಗುತ್ತಾರೆ. ಆದರೂ ಪುಷ್ಯ ಮಾಸದ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಯ ಹತ್ತಿರ ಇಳಿಯುತ್ತದೆ. ತಗಡಿನ ಮಾಳಿಗೆಯ ಕೆಳಗೆ ಮಲಗಿದವರಿಗೆ, ಮೈಯಲ್ಲಿ ರಕ್ತವಿಲ್ಲದ ಎಪ್ಪತ್ತರ ಮುದುಕರಿಗೆ ಅಷ್ಟು ಸಾಕು. ನಮ್ಮವರ ಚಳಿಯ ಖರ್ಚು ಮೂರು ಬಾಬತ್ತಿನದು: ಹೊದೆಯಲು ಚಾದರವೋ ಕಂಬಳಿಯೋ, ಬೆಳಗಿನ ಜಳಕಕ್ಕೆ ಬಿಸಿನೀರು, ರಾತ್ರಿ ಕೈಕಾಲು ಕಾಯಿಸಿಕೊಳ್ಳಲು ಒಂದಿಷ್ಟು ಬೆಂಕಿ. ಜಳಕವೇ ಇದರಲ್ಲಿ ದೊಡ್ಡದು. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಆಯಿಗಳು ನಮ್ಮಲ್ಲಿ ಮನೆಗೊಬ್ಬರು. ಥಂಡಿ ಎಂದು ಜಳಕ ಬಿಡುವವರಲ್ಲ, ಬಿಸಿನೀರು ಇಲ್ಲದಿದ್ದರೆ ತಣ್ಣೀರನ್ನೇ ಸುರಿದುಕೊಳ್ಳುತ್ತಾರೆ.

ಹಳ್ಳಿಯಲ್ಲಿ ಇದಕ್ಕೆ ರೊಕ್ಕ ಬೇಕಾಗಿರಲಿಲ್ಲ. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಇತ್ತು, ಕುಳ್ಳು ಇತ್ತು, ಹಂಡೆ ಹೂತ ಒಲೆ ಇತ್ತು. ಹೊಲ ಬಿಟ್ಟು ಗಿರಣಿಗೆ ಬಂದವರಿಗೆ ಇವೆಲ್ಲ ತಪ್ಪಿದವು. ಸೋಲಾಪುರದ ಮೊದಲ ಬಟ್ಟೆ ಗಿರಣಿ, ಎಲ್ಲರೂ ಜುನಿ ಮಿಲ್ ಎನ್ನುವುದು, 1877ರಲ್ಲಿ ಶುರುವಾಯಿತು. ಅದರ ಹಿಂದೆ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ, ಜಾಮ್ ಮಿಲ್ಲುಗಳು ಬಂದವು. ತೆಲಂಗಾಣದಿಂದ ಪದ್ಮಶಾಲಿಗಳು ಬಂದರು, ಅಕ್ಕಲಕೋಟೆ, ಇಂಡಿ, ಆಳಂದ ಕಡೆಯಿಂದ ನಮ್ಮ ಕನ್ನಡದ ಮಂದಿ ಬಂದರು. ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಚಾಳಿನಲ್ಲಿ ಕೂಡಿದವು. 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಇವರ ಹೆಸರುಗಳನ್ನು ಓದಿದರೆ ಅದೆಂಥ ಊರಾಗಿತ್ತೆಂದು ನಿಮಗೆ ತಿಳಿದೀತು. ಆ ಚಾಳಿನ ಕೋಣೆಯಲ್ಲಿ ಹಂಡೆ ಹೂಳಲು ಜಾಗವಿರಲಿಲ್ಲ. ಇದ್ದಿಲ ಶೇಗಡಿ, ಅದರ ನಂತರ ರಾಕೇಲದ ಸ್ಟೋ. ಅಂದರೆ ಬೆಂಕಿಗೂ ರೊಕ್ಕ ಎಣಿಸುವ ಕಾಲ ಬಂತು.

ರಾಕೇಲ, ಅಂದರೆ ಸೀಮೆಎಣ್ಣೆ. ನಮ್ಮ ವೃದ್ಧರಿಗೆ ಸರಕಾರ ಕೊಟ್ಟ ಚಳಿಯ ನೆರವು ಇದೇ ಎಂದು ನನ್ನ ಅಭಿಪ್ರಾಯ. ವೃದ್ಧರಿಗೆಂದೇ ಕೊಟ್ಟದ್ದಲ್ಲ ನಿಜ, ರೇಶನ್ ಕಾರ್ಡಿದ್ದ ಎಲ್ಲರಿಗೂ ಕೊಟ್ಟದ್ದು. ಆದರೂ ನಸುಕಿನಲ್ಲಿ ಐದಕ್ಕೆ ಸ್ಟೋ ಪಂಪು ಹೊಡೆಯುವ ಸದ್ದು ಯಾರ ಮನೆಯಿಂದ ಬರುತ್ತಿತ್ತೆಂದು ನೆನೆಸಿಕೊಳ್ಳಿ, ಅಲ್ಲೊಬ್ಬರು ಅಜ್ಜ ಅಜ್ಜಿ ಇರುತ್ತಿದ್ದರು. ಕಾಳಸಂತೆಗೆ ಹೋಗಬಾರದೆಂದು ರೇಶನ್ನಿನ ಎಣ್ಣೆಗೆ ನೀಲಿ ಬಣ್ಣ ಬೆರೆಸುತ್ತಿದ್ದರು. ಹೋಗುವುದು ಹೋಗಿಯೇ ಹೋಗುತ್ತಿತ್ತು. ಡಬ್ಬಿ ಹಿಡಿದು ಸರದಿಯಲ್ಲಿ ನಿಂತ ನೆನಪು ನಿಮಗೂ ಇರಬೇಕು. 2002ರಿಂದ 2010ರ ಜೂನ್‌ವರೆಗೆ ದಿಲ್ಲಿಯಲ್ಲಿ ಅದರ ದರ ಲೀಟರಿಗೆ ಸುಮಾರು 9 ರೂಪಾಯಿಯಲ್ಲೇ ನಿಂತಿತ್ತು. 2010ರಲ್ಲಿ 3 ರೂಪಾಯಿ, 2011ರಲ್ಲಿ 2 ರೂಪಾಯಿ ಏರಿಸಿದರು. 2016ರ ಜುಲೈಯಿಂದ 25 ಪೈಸೆಯಂತೆ ಸದ್ದಿಲ್ಲದೆ ಏರಿಸುತ್ತ ಹೋದರು. 2020ರ ಹೊತ್ತಿಗೆ ಕೇಂದ್ರದ ಸಬ್ಸಿಡಿ ಪೂರ್ತಿ ಮುಗಿದುಹೋಯಿತು. ಮನೆಗೆ ಗ್ಯಾಸ್ ಬಂದವರ ಕಾರ್ಡಿಗೆ ಶಿಕ್ಕಾ ಒತ್ತಿ ರಾಕೇಲ ನಿಲ್ಲಿಸುವುದು ಅದಕ್ಕೂ ಮೊದಲೇ ನಡೆದಿತ್ತು. ಹೊಗೆಯಿಲ್ಲದ ಗ್ಯಾಸು ಬಂದದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಕೇಲವನ್ನು ಅರ್ಧ ಲೀಟರ್ ತರಬಹುದಿತ್ತು. ಸಿಲಿಂಡರನ್ನು ಅರ್ಧ ತರಲಾಗುವುದಿಲ್ಲ. ಕೈಯಲ್ಲಿ ಚಿಲ್ಲರೆ ಮಾತ್ರ ಇರುವ ಮುದುಕರಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನು ನಗದು ನೆರವಿನ ಕಥೆ. ನಮ್ಮ ಸಂವಿಧಾನದ 41ನೆಯ ಅನುಚ್ಛೇದದಲ್ಲಿ ಮುಪ್ಪಿನಲ್ಲಿ ಸರಕಾರದ ನೆರವು ಎಂಬ ಮಾತಿದೆ, ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಬಾಲವೂ ಅದಕ್ಕಿದೆ. ಗಿರಣಿ ಕಾರ್ಮಿಕರಿಗೆ 1952ರಲ್ಲಿ ಭವಿಷ್ಯ ನಿಧಿ ಕಾಯ್ದೆ ಬಂತು. ಮೊದಲು ಅದು ತಾಗಿದ ಆರು ಉದ್ಯಮಗಳಲ್ಲಿ ಬಟ್ಟೆಯೂ ಒಂದು. 1971ರಲ್ಲಿ ಕುಟುಂಬ ಪಿಂಚಣಿ ಸೇರಿತು, ಅದು ಸತ್ತ ಮೇಲೆ ಹೆಂಡತಿಗೆ ಬರುವುದು, ಬದುಕಿದ ಮುದುಕನಿಗಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಫಂಡು ತಾಗಿದ್ದು 1977ರಲ್ಲಿ. ಮಹಾರಾಷ್ಟ್ರ ಸರಕಾರ 1980ರಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ತಂದಿತು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇವತ್ತಿಗೂ ‘ನಿರಾಧಾರ ಪಗಾರ’ ಎನ್ನುತ್ತಾರೆ. ಜೀವಮಾನವಿಡೀ ಪಗಾರ ಕಾಣದ ಹೊಲದ ಕೂಲಿಯವಳು ಮುಪ್ಪಿನಲ್ಲಿ ನನಗೂ ಪಗಾರ ಶುರುವಾಯಿತು ಎಂದು ಹೆಬ್ಬೆಟ್ಟು ಒತ್ತುವುದನ್ನು ನಾನು ಕೌಂಟರಿನ ಈಚೆಗೆ ಕೂತು ನೋಡಿದ್ದೇನೆ.

ಬಂಧುಗಳೇ, ಇಲ್ಲಿಂದ ಮುಂದೆ 1995 ಎಂಬ ಒಂದು ವರ್ಷವನ್ನು ನೆನಪಿಡಿ. ಆ ಒಂದೇ ವರ್ಷದಲ್ಲಿ ಮೂರು ಪಿಂಚಣಿಗಳು ಹುಟ್ಟಿದವು. ಆಗಸ್ಟ್ 15ರಂದು ಕೇಂದ್ರ ಸರಕಾರದ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ. 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ. ಬ್ಯಾಂಕ್ ನೌಕರರ ಪಿಂಚಣಿ ನಿಯಮಾವಳಿ ಪ್ರಕಟವಾದದ್ದೂ ಅದೇ ವರ್ಷ. ನವೆಂಬರ್ 16ರಂದು ಕಾರ್ಮಿಕರ ಪಿಂಚಣಿ ಯೋಜನೆ, ಜನ ‘ಫಂಡಿನ ಪೆನ್ಶನ್’ ಎನ್ನುವುದು. ಬಡವನಿಗೊಂದು, ನನಗೊಂದು, ಮಗ್ಗದವನಿಗೊಂದು. ಮೂರೂ ಒಂದೇ ವರ್ಷದ ಕೂಸುಗಳು. ಮೂವತ್ತು ವರ್ಷ ಕಳೆದ ಮೇಲೆ ಅವು ಹೇಗೆ ಬೆಳೆದಿವೆ, ನೋಡೋಣ.

ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ. ಬ್ಯಾಂಕಿನ ಪಿಂಚಣಿಗೆ ತುಟ್ಟಿಭತ್ಯೆ ಇದೆ. ಬೆಲೆ ಸೂಚ್ಯಂಕ ನೋಡಿ ಫೆಬ್ರವರಿಗೊಮ್ಮೆ, ಆಗಸ್ಟಿಗೊಮ್ಮೆ ಅದು ಬದಲಾಗುತ್ತದೆ. ಗ್ಯಾಸು ತುಟ್ಟಿಯಾದರೆ ಆರು ತಿಂಗಳು ತಡವಾದರೂ ನನ್ನ ಖಾತೆಗೆ ಒಂದಿಷ್ಟು ಬಂದು ಬೀಳುತ್ತದೆ. ಮೂಲ ಪಿಂಚಣಿ ಪರಿಷ್ಕರಣೆಯಾಗಲಿಲ್ಲವೆಂದು ನಮ್ಮವರು ಗೊಣಗುತ್ತಾರೆ, ಅದು ಬೇರೆ ಮಾತು. 1995ರಲ್ಲಿ ಇದನ್ನು ನಂಬದೆ ಬೇಡವೆಂದ ಎಷ್ಟೋ ಸಹೋದ್ಯೋಗಿಗಳು 2010ರಲ್ಲಿ ಎರಡನೆಯ ಅವಕಾಶ ಸಿಕ್ಕಾಗ ತಗೊಂಡ ಹಣ ತಿರುಗಿ ಕಟ್ಟಿ ಒಳಗೆ ಬಂದರು. ಮೆಟ್ರಿಕ್ ಮಾಡಿ ಕ್ಲರ್ಕ್ ಆದ ನನ್ನಂಥವನ ಮುಪ್ಪು ನೆಮ್ಮದಿಯದಾಗಲು ಇದೇ ಕಾರಣ, ನನ್ನ ಜಾಣತನವೇನೂ ಅಲ್ಲ.

ಮಗ್ಗದವನ ಪಿಂಚಣಿಗೆ ತುಟ್ಟಿಭತ್ಯೆಯ ಸಂಬಂಧವೇ ಇಲ್ಲ. ಅದರ ಲೆಕ್ಕ ಸರಳ. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಉದಾಹರಣೆಗೆ ಸಂಬಳ 3,000, ಸೇವೆ 15 ವರ್ಷ ಎಂದು ಹಿಡಿಯಿರಿ. 45,000 ಆಯಿತು, 70ರಿಂದ ಭಾಗಿಸಿದರೆ 643 ರೂಪಾಯಿ. 58ನೆಯ ವಯಸ್ಸಿಗೆ ನಿಗದಿಯಾದ ಅಂಕಿ ಸಾಯುವ ತನಕ ಅದೇ. ಹತ್ತು ವರ್ಷ ಸೇವೆ ತುಂಬದಿದ್ದರೆ ಪಿಂಚಣಿಯೇ ಇಲ್ಲ. ಇಪ್ಪತ್ತಕ್ಕಿಂತ ಕಡಿಮೆ ಆಳುಗಳ ಶೆಡ್ಡಿಗೆ ಕಾಯ್ದೆಯೇ ತಾಗುವುದಿಲ್ಲ. ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿ, ಕೆಲಸ ಸಣ್ಣ ಶೆಡ್ಡುಗಳಿಗೆ ಹಂಚಿಹೋದಾಗ ಏನಾಯಿತೆಂದು ಇದರಿಂದ ನೀವು ಊಹಿಸಬಹುದು. ಜುನಿ ಮಿಲ್ಲು 1960ರ ದಶಕದಲ್ಲೇ ನಿಂತಿತ್ತು. ಹೊಸ ಶತಮಾನ ಬರುವ ಹೊತ್ತಿಗೆ ಉಳಿದ ಬಹುತೇಕ ಗಿರಣಿಗಳ ಭೋಂಗಾ ಕೂಡ ನಿಂತುಹೋಗಿತ್ತು. ಫಂಡಿದ್ದ ಕೆಲಸದಿಂದ ಫಂಡಿಲ್ಲದ ಕೆಲಸಕ್ಕೆ ಬಂದವರು ಎಷ್ಟು ಜನ!

2013ರಲ್ಲಿ ಭಗತ್ ಸಿಂಗ್ ಕೋಶ್ಯಾರಿಯವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಇದರ ಬಗ್ಗೆ ವರದಿ ಕೊಟ್ಟಿತು. ಕನಿಷ್ಠ ಪಿಂಚಣಿ 3,000 ಆಗಬೇಕು ಎಂದು ಅದರ ಶಿಫಾರಸು. 2014ರ ಸೆಪ್ಟೆಂಬರ್ 1ರಿಂದ ಸರಕಾರ ಕನಿಷ್ಠ 1,000 ಮಾಡಿತು. ಆವತ್ತು 600, 700 ಪಡೆಯುತ್ತಿದ್ದವರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಸುಳ್ಳೆನ್ನಲಾರೆ. ಒಬ್ಬ ಕಾಕಾ ಪೇಢೆ ತಂದು ಕೌಂಟರಿನ ಮೇಲಿಟ್ಟಿದ್ದರು. ಆಮೇಲೆ ಆ ಸಾವಿರ ಅಲ್ಲೇ ನಿಂತಿತು. 2025 ಮುಗಿಯುವವರೆಗೂ ಅದು ಸಾವಿರವೇ. 7,500 ಮಾಡಿರೆಂದು ಪಿಂಚಣಿದಾರರು ದಿಲ್ಲಿಯವರೆಗೆ ಹೋಗಿ ಕೂತು ಬಂದರು.

ಸಾವಿರ ರೂಪಾಯಿಯನ್ನು ಚಳಿಯ ಲೆಕ್ಕದಲ್ಲಿ ಹೇಳುತ್ತೇನೆ, ಆಗ ನಿಮಗೆ ಬೇಗ ತಿಳಿದೀತು. 2014ರ ಸೆಪ್ಟೆಂಬರಿನಲ್ಲಿ ಸಬ್ಸಿಡಿಯ ಸಿಲಿಂಡರಿಗೆ ದಿಲ್ಲಿಯ ದರ 414 ರೂಪಾಯಿ. ಸಾವಿರಕ್ಕೆ ಎರಡು ಸಿಲಿಂಡರ್ ಬಂದು 172 ರೂಪಾಯಿ ಉಳಿಯುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಅದೇ ದಿಲ್ಲಿಯಲ್ಲಿ 853 ಆಯಿತು. ಒಂದು ಬಂದು 147 ಉಳಿಯಿತು. ಆಗ ಉಜ್ವಲಾ ಯೋಜನೆಯವರಿಗೆ 300 ರೂಪಾಯಿ ಸಬ್ಸಿಡಿ ಇತ್ತು, 553ಕ್ಕೆ ಬೀಳುತ್ತಿತ್ತು. ಆದರೆ ಉಜ್ವಲಾ ಶುರುವಾದದ್ದು 2016ರಲ್ಲಿ. ಅದಕ್ಕೂ ಮೊದಲೇ ಹೊಟ್ಟೆ ಕಟ್ಟಿ ಸ್ವಂತ ಖರ್ಚಿನಲ್ಲಿ ಗ್ಯಾಸ್ ತಗೊಂಡ ಗಿರಣಿಯವನಿಗೆ ಅದು ಸಿಗುವುದಿಲ್ಲ.

ಬಡವನ ಪಿಂಚಣಿಯ ಗತಿಯೂ ಹೆಚ್ಚು ಬೇರೆಯಲ್ಲ. ಕೇಂದ್ರದ 75 ರೂಪಾಯಿ 2006ರಲ್ಲಿ 200 ಆಯಿತು. 2007ರಲ್ಲಿ ಅದಕ್ಕೆ ಇಂದಿರಾ ಗಾಂಧಿಯವರ ಹೆಸರು ಬಂತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ಆಯಿತು. ಉಳಿದವರಿಗೆ ಕೇಂದ್ರದ ಪಾಲು ಇನ್ನೂರರ ಮೇಲೆ ಒಂದು ರೂಪಾಯಿ ಏರಲಿಲ್ಲ. ಏರಿದ್ದೆಲ್ಲ ರಾಜ್ಯಗಳು ಕೈಯಿಂದ ಹಾಕಿದ್ದು. ಮಹಾರಾಷ್ಟ್ರದಲ್ಲಿ 65 ದಾಟಿದವರಿಗೆ ಶ್ರಾವಣಬಾಳ ಯೋಜನೆ ಇದೆ. ಕುರುಡ ತಂದೆತಾಯಿಯನ್ನು ಕಾವಡಿಯಲ್ಲಿ ಹೊತ್ತ ಶ್ರವಣಕುಮಾರನ ಹೆಸರು. ಹೆಸರಿಟ್ಟವರಿಗೆ ಕಥೆಯ ಕೊನೆ ನೆನಪಿರಲಿಲ್ಲವೇನೋ. ಈ ಯೋಜನೆಯಲ್ಲಿ ತಿಂಗಳಿಗೆ 600 ಇದ್ದದ್ದು 2019ರಲ್ಲಿ 1,000 ಆಯಿತು, 2023ರಲ್ಲಿ 1,500 ಆಯಿತು. ಇಷ್ಟರ ಮಟ್ಟಿಗೆ ರಾಜ್ಯ ಸರಕಾರವನ್ನು ಹೊಗಳಬೇಕು.

ಭೀಮೆಯ ಆಚೆ ದಡದ ನಮ್ಮ ಬೀಗರ ಊರುಗಳಲ್ಲಿ, ಇಂಡಿ ಕಡೆ, 2007ರಿಂದ ಸಂಧ್ಯಾ ಸುರಕ್ಷಾ ಇದೆ. 400ರಿಂದ ಶುರುವಾಗಿ 2021ರಲ್ಲಿ 1,200 ಆಯಿತು. ಈಚೆ ದಡದವರು 300 ರೂಪಾಯಿ ಹೆಚ್ಚೆಂದು ಹೆಮ್ಮೆಪಡುತ್ತಾರೆ. ಆಚೆಯವರು 2023ರಲ್ಲಿ ಬಂದ ಗೃಹಜ್ಯೋತಿಯನ್ನು ತೋರಿಸುತ್ತಾರೆ. ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಬಳಕೆಯ ಸರಾಸರಿ ನೋಡಿ, ಕರೆಂಟಿಗೆ ಬಿಲ್ಲಿಲ್ಲ. ಆಚೆಯ ಆಯಿ ಬಕೇಟಿನಲ್ಲಿ ಕಾಯಿಲ್ ಇಟ್ಟು ಪುಕ್ಕಟೆ ಬಿಸಿನೀರು ಕಾಯಿಸುತ್ತಾಳೆ. ಹೆಸರು ಹಾಗಿಲ್ಲದಿದ್ದರೂ, ವಿಲಾಯತಿಯ ಚಳಿಯ ನೆರವಿಗೆ ತೀರ ಹತ್ತಿರದ್ದೆಂದರೆ ಇದೇ ಎಂದು ನನಗೆ ತೋರುತ್ತದೆ. ಮಹಾರಾಷ್ಟ್ರದಲ್ಲಿ 2024ರಲ್ಲಿ ಅನ್ನಪೂರ್ಣಾ ಯೋಜನೆಯೆಂದು ವರ್ಷಕ್ಕೆ ಮೂರು ಸಿಲಿಂಡರ್ ಪುಕ್ಕಟೆ ಘೋಷಿಸಿದರು, ಉಜ್ವಲಾದವರಿಗೆ ಮತ್ತು ಲಾಡಕಿ ಬಹೀಣ ಮನೆಗಳಿಗೆ. ಗಡಿಯ ಜನರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಶ್ರಾವಣಬಾಳಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದ ದಾಖಲೆ ಬೇಕು. ಮುಪ್ಪಿನಲ್ಲಿ ಮಗಳ ಮನೆಗೆಂದು ಹೊಳೆ ದಾಟಿ ಬಂದವರಿಗೆ ಈಚೆಯದು ಸಿಗುವುದಿಲ್ಲ. ಆಚೆಯ ಊರಿನಲ್ಲಿ ಇವರು ಇಲ್ಲವೆಂದು ಬರೆದುಬಿಟ್ಟರೆ ಅದೂ ತಪ್ಪುತ್ತದೆ.

ಚಳಿಗಾಲ ಮತ್ತು ಪಿಂಚಣಿ ಎಂದಾಗ ಬ್ಯಾಂಕಿನವನಿಗೆ ನೆನಪಾಗುವುದು ನವೆಂಬರ್ ತಿಂಗಳು. ಹಯಾತಿ ದಾಖಲೆಯ ತಿಂಗಳು. ನಾನು ಬದುಕಿದ್ದೇನೆ ಎಂದು ಮುದುಕರು ವರ್ಷಕ್ಕೊಮ್ಮೆ ಬಂದು ಬರೆದುಕೊಡಬೇಕು. ಶಾಖೆ ತೆರೆಯುವುದು ಹತ್ತಕ್ಕಾದರೂ ಎಂಟಕ್ಕೇ ಬಂದು ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತಿದ್ದರು. ತಲೆಗೆ ಮಫ್ಲರ್, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್. ಅವರ ಮಾತು ಕೇಳುವುದು ನನಗೆ ಇಷ್ಟವಾಗಿತ್ತು. ಈ ವರ್ಷ ಯಾರು ಬಂದಿಲ್ಲ ಎಂದು ಎಣಿಸುವುದು, ಬಾರದವರ ಹೆಸರು ಹೇಳಿ ಸುಮ್ಮನಾಗುವುದು.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ನಡೆದ ಸಂಗತಿ ಇದು. ಬೀಡಿ ಕಟ್ಟಿ ನಿವೃತ್ತರಾದ ಒಬ್ಬ ಆಯಿ ನವೆಂಬರಿನಲ್ಲೇ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಳು. ಕಾಗದ ಎಲ್ಲೋ ಬೇರೆ ಫೈಲಿನಲ್ಲಿ ಸೇರಿಹೋಯಿತು. ಯಾರ ಕೈತಪ್ಪು ಎಂದು ಕೊನೆಗೂ ತಿಳಿಯಲಿಲ್ಲ, ನನ್ನದೇ ಇದ್ದರೂ ಇದ್ದೀತು. ಜನವರಿಯಲ್ಲಿ ಪಿಂಚಣಿ ನಿಂತಿತು. ಸಂಕ್ರಾಂತಿಯ ಹಿಂದಿನ ದಿನ ಆಕೆ ಬಂದು, “ನಾ ಸತ್ತೀನಂತ ಯಾರ್ ಹೇಳ್ಯಾರ್ರಿ ನಿಮಗ?” ಎಂದು ಕೇಳಿದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂಬಂತೆ. ಬಾಕಿ ಹಣ ಬರಲು ಮಾರ್ಚ್ ಆಯಿತು. ಅಷ್ಟೊತ್ತಿಗೆ ಚಳಿ ಮುಗಿದಿತ್ತು.

ಈಗ ಆ ತೊಂದರೆ ಕಡಿಮೆಯಾಗಿದೆ. 2014ರ ನವೆಂಬರ್ 10ರಂದು ಜೀವನ ಪ್ರಮಾಣ ಎಂಬ ಗಣಕದ ವ್ಯವಸ್ಥೆ ಬಂತು. ದಾರ ಹಿಡಿದು, ಎಲೆ ಸುತ್ತಿ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಕೆಲವು ವರ್ಷ ಗೋಳಾಡಿದರು. 2021ರ ನಂತರ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕಾಗುತ್ತದೆ. ಫಂಡಿನ ಪಿಂಚಣಿಯವರು ನವೆಂಬರಿಗೇ ಬರಬೇಕೆಂಬ ನಿಯಮವೂ ಹೋಗಿದೆ. ಯಾವಾಗ ಕೊಟ್ಟರೂ ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಹಾಗಾಗಿ ಚಳಿಯಲ್ಲಿ ಬಂದು ಕೂರಬೇಡಿ, ಯುಗಾದಿಯ ಹೊತ್ತಿಗೆ ಮಾಡಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. 2025ರ ಜನವರಿ 1ರಿಂದ ಈ ಪಿಂಚಣಿಯನ್ನು ದೇಶದ ಯಾವ ಬ್ಯಾಂಕಿನಲ್ಲಾದರೂ ಪಡೆಯಬಹುದು.

ಆ ಚಹಾದಂಗಡಿಯ ಹಿರಿಯರಿಗೆ ಇದನ್ನೆಲ್ಲ ಹೇಳಬೇಕೆಂದು ಮತ್ತೆ ಹೋದೆ. ಅವರು ಪೂರ್ತಿ ಕೇಳಿ, ತಮ್ಮ ಮನೆಯ ಸಂಗತಿ ಹೇಳಿದರು. ಅವರ ಮನೆಯವರಿಗೆ ಬರುವ ಮಾಘದಲ್ಲಿ 65 ತುಂಬುತ್ತದೆ. 2024ರ ಜುಲೈಯಿಂದ ಲಾಡಕಿ ಬಹೀಣ ಯೋಜನೆಯ 1,500 ಆಕೆಗೆ ಬರುತ್ತಿದೆ. ಚಳಿಯಲ್ಲಿ ಎರಡನೆಯ ಸಿಲಿಂಡರ್ ಬರುವುದು ಅದರಿಂದಲೇ. ಆದರೆ ಆ ಯೋಜನೆ 21ರಿಂದ 65ರ ವಯಸ್ಸಿನವರಿಗೆ. 65 ದಾಟಿದ ಮೇಲೆ ಬಂದ್.

“ಮುಂದ ಶ್ರಾವಣಬಾಳ ಅದಲ್ರಿ” ಎಂದೆ.

“ಅದಕ್ಕ ಉತ್ಪನ್ನದ ದಾಖಲಾ ಎಷ್ಟರದು ಬೇಕ್ರಿ?” ಎಂದರು.

ಆಗ ನನಗೆ ಹೊಳೆಯಿತು. ಲಾಡಕಿ ಬಹೀಣಕ್ಕೆ ಕುಟುಂಬದ ಉತ್ಪನ್ನ ವರ್ಷಕ್ಕೆ ಎರಡೂವರೆ ಲಕ್ಷದವರೆಗೆ ನಡೆಯುತ್ತದೆ. ಶ್ರಾವಣಬಾಳಕ್ಕೆ 21,000ದ ಒಳಗೆ ಇರಬೇಕು. 64ರ ಹೆಂಗಸಿಗೂ 65ರ ಹೆಂಗಸಿಗೂ ನಡುವೆ ಇಷ್ಟು ದೊಡ್ಡ ಕಂದಕ. ಕಾಗದದ ಮೇಲೆ ಲೆಕ್ಕ ಹಾಕಿದೆವು. ಗಂಡ ಹೆಂಡತಿ ಇಬ್ಬರೇ ಬೇರೆ ಕಾರ್ಡಿನಲ್ಲಿದ್ದಾರೆ, ಮಗ ಪುಣೆಯಲ್ಲಿ. ಅವರ ಫಂಡಿನ ಪಿಂಚಣಿ ತಿಂಗಳಿಗೆ 1,000, ವರ್ಷಕ್ಕೆ 12,000. ಮಿತಿಯೊಳಗೆ ಬರುತ್ತದೆ. ಅದೇ ಕೋಶ್ಯಾರಿ ಸಮಿತಿ ಹೇಳಿದಂತೆ 3,000 ಆಗಿದ್ದರೆ 36,000 ಆಗಿ ಆಕೆಗೆ ಶ್ರಾವಣಬಾಳ ತಪ್ಪುತ್ತಿತ್ತು. 7,500 ಆದರೆ ಕೇಳುವುದೇ ಬೇಡ. ಇವರ ಪಿಂಚಣಿ ಏರಲೆಂದು ಬೇಡಿಕೊಳ್ಳಬೇಕೋ, ಏರದಿರಲೆಂದೋ! ಹಿರಿಯರು ನಕ್ಕರು. “ಹಾಸು ಬಿಗಿ ಮಾಡಿದ್ರ ಹೊಕ್ಕು ಹರೀತದ, ಸಾಹೇಬ್ರ” ಎಂದರು.

ಬೇಕಾದ ಕಾಗದಗಳು ಇವು: ತಹಶೀಲದಾರರ ಉತ್ಪನ್ನದ ದಾಖಲೆ, ವಯಸ್ಸಿನ ದಾಖಲೆ, 15 ವರ್ಷದ ವಾಸದ ದಾಖಲೆ, ರೇಶನ್ ಕಾರ್ಡ್, ಆಧಾರ್, ಆಧಾರಕ್ಕೆ ಜೋಡಿಸಿದ ಖಾತೆಯ ಪಾಸ್‌ಬುಕ್. ವಾಸದ ದಾಖಲೆಗೆ ಅವರ ಹತ್ತಿರ ಒಂದು ಹಳೆಯ ರೇಶನ್ ಕಾರ್ಡ್ ಇದೆ. ಪುಟಗಳ ಅಂಚಿಗೆ ಇನ್ನೂ ನೀಲಿ ರಾಕೇಲದ ಕಲೆ ಇದೆ. ಅದನ್ನು ಎಸೆಯಬೇಡಿ ಎಂದು ಹೇಳಿದ್ದೇನೆ. ಸೋಮವಾರ ಸೇತು ಕೇಂದ್ರಕ್ಕೆ ಅವರ ಜೊತೆ ನಾನೂ ಹೋಗುವವನಿದ್ದೇನೆ.